ಮತಪತ್ರದ ಹಿಂಬದಿ

(ಶಿವಮೊಗ್ಗದಲ್ಲಿ ಗೆಳೆಯರು ಏರ್ಪಡಿಸಿದ್ದ ಸಂಜೆ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ‘ಅಮೆರಿಕದ ರಾಜಕೀಯ: ಒಂದು ಒಳನೋಟ’ ಅಂತ ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ಮಾತು ನನಗೆ ಒಗ್ಗುವುದಿಲ್ಲ. ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್, ಇರುವುದು ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಪಕ್ಕದ ಒಂದು ಊರಿನಲ್ಲಿ. ವಾಷಿಂಗ್ಟನ್ನಿನಲ್ಲಿ ಯಾರು ಯಾರ ಕಾಲೆಳೆದರು ಅನ್ನೋದು ನಿಮಗೂ ನನಗೂ ಒಂದೇ ಹೊತ್ತಿಗೆ ಫೋನಿನಲ್ಲೇ ಗೊತ್ತಾಗುತ್ತೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅಲ್ಲಿ ವೋಟು ಹಾಕುತ್ತೇನೆ, ತೆರಿಗೆ ಕಟ್ಟುತ್ತೇನೆ, ಮಗಳನ್ನು ಹಾಕಿ ಆಟಕ್ಕೆ ಕಳಿಸಿದ್ದೇನೆ. ಈ ಮೂರರಿಂದ ಹುಟ್ಟಿದ ಅಭಿಪ್ರಾಯಗಳನ್ನಷ್ಟೇ ಹೇಳಬಲ್ಲೆ.

(ಮುಂದಿನ ಸಾಲಿನಿಂದ ಒಬ್ಬರು: “ಟ್ರಂಪ್ ಬಗ್ಗೆ ಹೇಳಿ ಮೇಡಂ.”)

ಬರ್ತೀನಿ ಸರ್. ಮೊದಲು ಮತಪತ್ರ ನೋಡೋಣ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಚುನಾವಣೆ ನಡೆಸುವ ನಮ್ಮಂಥ ಆಯೋಗ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾನೂನು, ನಡೆಸುವುದು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಮತ್ತು ಊರಿನ ಆಡಳಿತ. ಮಿನೆಸೋಟದಲ್ಲಿ ಇವತ್ತಿಗೂ ಕಾಗದದ ಮತಪತ್ರವೇ. ಉದ್ದನೆಯ ಗಟ್ಟಿ ಹಾಳೆ, ಹೆಸರಿನ ಪಕ್ಕದ ಮೊಟ್ಟೆಯಾಕಾರವನ್ನು ಪೆನ್ನಿನಿಂದ ಕಪ್ಪು ಮಾಡಬೇಕು, ಆಮೇಲೆ ಎಣಿಸುವ ಯಂತ್ರಕ್ಕೆ ನಾವೇ ತೂರಿಸಬೇಕು. ಬೆರಳಿಗೆ ಶಾಯಿ ಇಲ್ಲ. ಒಂದು ಕೆಂಪು ಸ್ಟಿಕ್ಕರ್ ಕೊಡುತ್ತಾರೆ, ಅಂಗಿಗೆ ಅಂಟಿಸಿಕೊಂಡು ಆಫೀಸಿಗೆ ಹೋಗೋದು. ಮಂಗಳವಾರ, ರಜೆ ಇಲ್ಲ.

ಆ ಹಾಳೆಯ ಮುಂಬದಿಯಲ್ಲಿ ಅಧ್ಯಕ್ಷರು, ಸೆನೆಟರು, ಕಾಂಗ್ರೆಸ್ ಸದಸ್ಯರು. ಟೀವಿಯಲ್ಲಿ ಬರೋರೆಲ್ಲ ಅಲ್ಲೇ. ತಿರುಗಿಸಿದರೆ ಸ್ಕೂಲ್ ಬೋರ್ಡ್, ನ್ಯಾಯಾಧೀಶರು, ‘ಮಣ್ಣು ಮತ್ತು ನೀರು ಸಂರಕ್ಷಣಾ ಜಿಲ್ಲೆಯ ಮೇಲ್ವಿಚಾರಕರು’. ಹೌದು, ಅದಕ್ಕೂ ಚುನಾವಣೆ. ನ್ಯಾಯಾಧೀಶರ ಸಾಲಿನಲ್ಲಿ ಎಷ್ಟೋ ಕಡೆ ಒಬ್ಬರೇ ನಿಂತಿರುತ್ತಾರೆ, ಹೆಸರಿನ ಕೆಳಗೆ ‘ಹಾಲಿ’ ಅಂತ ಬೇರೆ ಬರೆದಿರುತ್ತೆ. ನೆರೆಮನೆಯವರನ್ನು ಕೇಳಿದರೆ ಯಾರಿಗೂ ಯಾರೆಂದು ತಿಳಿಯದು. ಬಹಳ ಜನ ಹಿಂಬದಿ ತಿರುಗಿಸದೇ ಹೋಗ್ತಾರೆ. ರಾಜ್ಯ ಸಂವಿಧಾನದ ತಿದ್ದುಪಡಿ ಇದ್ದರಂತೂ ಇದು ತಮಾಷೆಯ ಮಾತಲ್ಲ, ಯಾಕಂದರೆ ಮಿನೆಸೋಟದಲ್ಲಿ ಆ ಪ್ರಶ್ನೆಯನ್ನು ಖಾಲಿ ಬಿಟ್ಟರೆ ‘ಬೇಡ’ ಅಂದ ಹಾಗೆ ಲೆಕ್ಕ.

ನನ್ನ ಮಟ್ಟಿಗೆ ಅಮೆರಿಕದ ರಾಜಕೀಯದಲ್ಲಿ ಜನರ ದಿನನಿತ್ಯಕ್ಕೆ ತಾಕುವುದರಲ್ಲಿ ಹೆಚ್ಚಿನದು ಆ ಹಿಂಬದಿಯಲ್ಲೇ ಇದೆ. ಅಲ್ಲಿ ದೊಡ್ಡ ಗಲಾಟೆ ಇರುವುದು, ಹಣ ಸುರಿಯುವುದು ಮಾತ್ರ ಮುಂಬದಿಗೆ.

ಒಂದು ಸಲ ನಾನು ಮತಗಟ್ಟೆಯಲ್ಲಿ ಕೆಲಸವನ್ನೂ ಮಾಡಿದೆ. ಅಲ್ಲಿ ಅವರನ್ನು ಎಲೆಕ್ಷನ್ ಜಡ್ಜ್ ಅನ್ನುತ್ತಾರೆ. ಅರ್ಜಿ ಹಾಕುವಾಗಲೇ ನಿಮ್ಮ ಪಕ್ಷ ಯಾವುದು ಅಂತ ಬರೆಯಬೇಕು. ನಮ್ಮಲ್ಲಿ ಚುನಾವಣಾ ಡ್ಯೂಟಿಗೆ ಹೋಗುವ ಮೇಷ್ಟ್ರು ಪಕ್ಷದ ಹೆಸರೆತ್ತಿದರೆ ಸಸ್ಪೆಂಡ್! ಅಲ್ಲಿಯ ಯೋಚನೆಯೇ ಬೇರೆ: ಎಲ್ಲರಿಗೂ ಒಲವು ಇದ್ದೇ ಇರುತ್ತೆ, ಮುಚ್ಚಿಡೋದು ಯಾಕೆ, ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿದರಾಯಿತು. ಕಣ್ಣು ಕಾಣದ ಅಜ್ಜಿಯೊಬ್ಬರು ಬಂದರು. ಅವರ ಹಾಳೆ ತುಂಬಲು ನಾನೂ, ಬೇರೆ ಪಕ್ಷದ ಒಬ್ಬ ನಿವೃತ್ತ ಲಾರಿ ಚಾಲಕರೂ ಒಟ್ಟಿಗೆ ಕೂರಬೇಕಾಯಿತು. ಅಜ್ಜಿ ಒಂದೊಂದೇ ಹೆಸರು ಹೇಳುತ್ತಾ ಹೋದರು. ಲಾರಿ ಚಾಲಕರು ಓದಿದರು, ನಾನು ಕಪ್ಪು ಮಾಡಿದೆ. ಮಣ್ಣು-ನೀರಿನ ಮೇಲ್ವಿಚಾರಕರು ಬಂದಾಗ ಅಜ್ಜಿ, “ಈ ಪುಣ್ಯಾತ್ಮ ಯಾರು?” ಅಂದರು. ನಾವಿಬ್ಬರೂ ಬಾಯಿ ಬಿಡುವ ಹಾಗಿರಲಿಲ್ಲ, ನಿಯಮ. ಬಿಟ್ಟಿದ್ದರೂ ಹೇಳೋಕೆ ಏನೂ ಗೊತ್ತಿರಲಿಲ್ಲ ಅನ್ನಿ.

ಮತದಾನದ ದಿನವೇ ಬಂದು ಹೆಸರು ನೋಂದಾಯಿಸಿ ವೋಟು ಹಾಕಬಹುದು ಅನ್ನುವ ವ್ಯವಸ್ಥೆ ಅಲ್ಲಿ 1970ರ ದಶಕದಿಂದಲೇ ಇದೆ. ವಿಳಾಸದ ದಾಖಲೆ ಇಲ್ಲದಿದ್ದರೆ ಅದೇ ಮತಗಟ್ಟೆಯ ನೋಂದಾಯಿತ ಮತದಾರರೊಬ್ಬರು ಪ್ರಮಾಣ ಮಾಡಿ ‘ಇವರು ಇಲ್ಲೇ ಇರೋರು’ ಅಂತ ಸಾಕ್ಷಿ ಹೇಳಬಹುದು. ಇದಕ್ಕೆ ಜಗಳ ಇದೆ, ಮೋಸಕ್ಕೆ ದಾರಿ ಅನ್ನುವವರಿದ್ದಾರೆ. ನನಗೆ ಹಾಗನಿಸಿಲ್ಲ. ಮತದಾನದ ಪ್ರಮಾಣದಲ್ಲಿ ಈ ರಾಜ್ಯ ಸಾಮಾನ್ಯವಾಗಿ ದೇಶದ ಮುಂಚೂಣಿಯಲ್ಲಿರುತ್ತದೆ. 1998ರಲ್ಲಿ ಜೆಸ್ಸಿ ವೆಂಚುರ ಅನ್ನುವ ಮಾಜಿ ಕುಸ್ತಿಪಟು ಎರಡೂ ದೊಡ್ಡ ಪಕ್ಷಗಳನ್ನು ಚಿತ್ ಮಾಡಿ ರಾಜ್ಯಪಾಲನಾದಾಗ, ಅವತ್ತೇ ಬಂದು ಹೆಸರು ಬರೆಸಿದ ಹುಡುಗರ ಪಾಲು ಅದರಲ್ಲಿ ದೊಡ್ಡದಿತ್ತು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ರಾಜಭವನದಲ್ಲಿ ಕೂರುವವರಲ್ಲ.

ಇನ್ನು ಸೇವೆಗಳ ಮಾತು. ಹಿಮದಿಂದ ಶುರು ಮಾಡುತ್ತೇನೆ, ಅಲ್ಲಿ ಎಲ್ಲರೂ ಅಲ್ಲಿಂದಲೇ ಶುರು ಮಾಡೋದು.

ಜೋರು ಹಿಮ ಬಿದ್ದರೆ ಮಿನಿಯಾಪೊಲಿಸ್ ನಗರ ‘ಸ್ನೋ ಎಮರ್ಜೆನ್ಸಿ’ ಘೋಷಿಸುತ್ತೆ. ಮೊದಲ ರಾತ್ರಿ ಮುಖ್ಯ ರಸ್ತೆಗಳಲ್ಲಿ ಯಾರೂ ಕಾರು ನಿಲ್ಲಿಸುವ ಹಾಗಿಲ್ಲ. ಎರಡನೆಯ ದಿನ ಒಳರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ ಖಾಲಿ ಮಾಡಬೇಕು, ಮೂರನೆಯ ದಿನ ಬೆಸಸಂಖ್ಯೆಯ ಬದಿ. ತಪ್ಪಿದರೆ ಕಾರನ್ನು ಎಳೆದುಕೊಂಡು ಹೋಗುತ್ತಾರೆ, ಮಂತ್ರಿ ಫೋನು ಮಾಡಿದರೂ ದಂಡ ಕಟ್ಟಿಯೇ ತರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹಿಮ ತಳ್ಳುವ ಕಿತ್ತಳೆ ಬಣ್ಣದ ಪ್ಲೌ ಲಾರಿ ಗಡಗಡ ಅಂತ ಬರುತ್ತೆ, ರಸ್ತೆ ಗುಡಿಸುತ್ತೆ. ನೀವು ಕಷ್ಟಪಟ್ಟು ಬಳಿದಿಟ್ಟ ಮನೆ ಮುಂದಿನ ದಾರಿಯ ಬಾಯಿಗೆ ಮೊಳಕಾಲೆತ್ತರದ ಹಿಮದ ಒಡ್ಡು ಹಾಕಿ ಹೋಗುತ್ತೆ. ಆ ಒಡ್ಡನ್ನು ಅಗೆಯುತ್ತಾ ಬಯ್ಯದವರು ಯಾವ ಪಕ್ಷದಲ್ಲೂ ಇಲ್ಲ. ಆದರೂ ಜನರಿಗೆ ಆ ಲಾರಿ ಮೇಲೆ ಪ್ರೀತಿ. ರಾಜ್ಯದ ಸಾರಿಗೆ ಇಲಾಖೆ ಪ್ಲೌಗಳಿಗೆ ಹೆಸರಿಡುವ ಸ್ಪರ್ಧೆ ನಡೆಸುತ್ತೆ, 2021ರಲ್ಲಿ ಗೆದ್ದ ಹೆಸರು ‘ಪ್ಲೌಯಿ ಮೆಕ್‌ಪ್ಲೌಫೇಸ್’.

ರಸ್ತೆಗೆ ಉಪ್ಪು ಎರಚುತ್ತಾರೆ, ಹಿಮ ಕರಗಲಿ ಅಂತ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಶಾಶ್ವತವಾಗಿ ಕೆಡಿಸಲು ಸಾಕು ಅಂತ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಯೇ ಹೇಳುತ್ತೆ. ಅದು ಹೋಗಿ ಸೇರೋದು ಕೆರೆಗೆ. ಆ ಕೆರೆ ಕಾಯುವವರು ಯಾರು? ಆ ಅಜ್ಜಿ ಕೇಳಿದ ಪುಣ್ಯಾತ್ಮರಂಥವರೇ. ನನಗೂ ಇದು ಹೊಳೆದದ್ದು ತಡವಾಗಿ.

ಮನೆ ತೆರಿಗೆ ಅಲ್ಲಿ ಜಾಸ್ತಿ. ಆದರೆ ಪ್ರತಿ ನವೆಂಬರ್‌ನಲ್ಲಿ ಮನೆಗೊಂದು ನೋಟಿಸ್ ಬರುತ್ತೆ: ಮುಂದಿನ ವರ್ಷ ನೀವು ಕಟ್ಟುವುದರಲ್ಲಿ ಕೌಂಟಿಗೆ ಇಷ್ಟು, ಊರಿಗೆ ಇಷ್ಟು, ಶಾಲೆಗೆ ಇಷ್ಟು, ತಕರಾರಿದ್ದರೆ ಇಂಥ ದಿನ ಬಂದು ಮಾತಾಡಿ ಅಂತ ಸಭೆಯ ದಿನಾಂಕದ ಜೊತೆ. ಶಾಲೆಗೆ ಹೆಚ್ಚಿನ ದುಡ್ಡು ಬೇಕಾದರೆ ಮತಪತ್ರದಲ್ಲೇ ಕೇಳಬೇಕು, ಅದೂ ಹಿಂಬದಿಯಲ್ಲೇ. ಪ್ರಶ್ನೆಯ ಜೊತೆಗೆ ದಪ್ಪಕ್ಷರದಲ್ಲಿ ಎಚ್ಚರಿಕೆ ಇರುತ್ತೆ: ‘ಹೌದು’ ಅಂದರೆ ನಿಮ್ಮ ಆಸ್ತಿ ತೆರಿಗೆ ಏರಿಸಲು ನೀವು ವೋಟು ಹಾಕುತ್ತಿದ್ದೀರಿ ಅಂತ. ಇಷ್ಟು ಬಿಡಿಸಿ ಹೇಳಿದ ಮೇಲೂ ಎಷ್ಟೋ ಊರುಗಳಲ್ಲಿ ಜನ ‘ಹೌದು’ ಅನ್ನುತ್ತಾರೆ! ತೆರಿಗೆ ಅಂದರೆ ಅಮೆರಿಕನ್ನರಿಗೆ ಆಗದು ಅನ್ನೋದು ಪೂರ್ತಿ ನಿಜವಲ್ಲ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕಾಣದಿದ್ದರೆ ಆಗದು.

ದುಡ್ಡು ಕಟ್ಟದೇ ಹೋದರೆ ಏನಾಗುತ್ತೆ ಅನ್ನೋದರ ಬಗ್ಗೆ ಆ ಊರಿನಲ್ಲಿ ಒಂದು ದೊಡ್ಡ ನೆನಪಿದೆ. 2007ರ ಆಗಸ್ಟ್ 1, ಸಂಜೆ ಆರು ದಾಟಿತ್ತು, ಎಲ್ಲರೂ ಮನೆಗೆ ಹೋಗುವ ಹೊತ್ತು. ಮಿನಿಯಾಪೊಲಿಸ್ಸಿನಲ್ಲಿ ಮಿಸಿಸಿಪ್ಪಿ ನದಿಗೆ ಕಟ್ಟಿದ್ದ 35-ಡಬ್ಲ್ಯು ಹೆದ್ದಾರಿ ಸೇತುವೆ ಕಾರುಗಳ ಸಮೇತ ಕುಸಿದು ಬಿತ್ತು. 13 ಜನ ಸತ್ತರು, 145 ಜನಕ್ಕೆ ಗಾಯ. ಮಕ್ಕಳಿದ್ದ ಶಾಲಾ ಬಸ್ಸೊಂದು ಬಿದ್ದ ಸೇತುವೆಯ ಅಂಚಿನ ತಡೆಗೋಡೆಗೆ ಒರಗಿ ನಿಂತಿತ್ತು. ಆ ಚಿತ್ರ ನೋಡಿದವರು ಮರೆಯಲಾರರು. ಮಕ್ಕಳೆಲ್ಲ ಬದುಕಿದರು.

ಆಗ ಅಲ್ಲಿ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 20 ಸೆಂಟ್ ಇತ್ತು, 1988ರಿಂದ ಕದಲಿರಲಿಲ್ಲ. ರಾಜ್ಯಪಾಲ ಟಿಮ್ ಪಾಲೆಂಟಿ ರಿಪಬ್ಲಿಕನ್, ತೆರಿಗೆ ಏರಿಸುವುದಿಲ್ಲ ಅನ್ನುವ ಹಟದವರು. ಸೇತುವೆ ಬಿದ್ದ ಮುಂದಿನ ಫೆಬ್ರವರಿಯಲ್ಲಿ ಶಾಸನಸಭೆ ತೆರಿಗೆ ಏರಿಸುವ ಮಸೂದೆ ಪಾಸು ಮಾಡಿತು, ಅವರು ವೀಟೋ ಹಾಕಿದರು. ವೀಟೋ ಮುರಿಯಲು ಮೂರನೇ ಎರಡರಷ್ಟು ಬಲ ಬೇಕು. ಕೆಳಮನೆಯಲ್ಲಿ ಅವರದೇ ಪಕ್ಷದ ಆರು ಜನ ಎದ್ದು ಬಂದು ಆ ಕಡೆ ವೋಟು ಹಾಕಿದರು. ಮಸೂದೆ ಕಾನೂನಾಯಿತು. ಆ ಆರರಲ್ಲಿ ಕೆಲವರಿಗೆ ಮುಂದಿನ ಚುನಾವಣೆಯಲ್ಲಿ ಪಕ್ಷದ ಬೆಂಬಲವೇ ತಪ್ಪಿತು.

ಈ ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಚಪ್ಪಾಳೆ ಬೀಳುತ್ತೆ. ಆದರೆ ತನಿಖೆ ಮುಗಿದಾಗ ಹೊರಬಿದ್ದದ್ದು ಬೇರೆ. ಉಕ್ಕಿನ ತೊಲೆಗಳನ್ನು ಕೂಡಿಸುವ ಗಸೆಟ್ ಪ್ಲೇಟ್ ಅನ್ನುವ ತಗಡುಗಳು ಇರಬೇಕಾದ್ದಕ್ಕಿಂತ ಅರ್ಧ ದಪ್ಪ ಇದ್ದವು. 1960ರ ದಶಕದ ನಕ್ಷೆಯಲ್ಲೇ ಆದ ತಪ್ಪು. ಜೊತೆಗೆ ಅವತ್ತು ರಿಪೇರಿಗೆಂದು ಸೇತುವೆ ಮೇಲೆ ಭಾರಿ ಸಾಮಗ್ರಿ ಪೇರಿಸಿಟ್ಟಿದ್ದರು. ಅಂದರೆ, ತೆರಿಗೆ ಏರಿಸಿದ್ದರೆ ಸೇತುವೆ ಉಳಿಯುತ್ತಿತ್ತು ಅಂತ ಎದೆ ತಟ್ಟಿ ಹೇಳೋಕಾಗಲ್ಲ. ನಲವತ್ತು ವರ್ಷ ಅಷ್ಟು ಸಲ ತಪಾಸಣೆ ನಡೆದರೂ ಮೂಲ ಲೆಕ್ಕವನ್ನು ಮತ್ತೆ ಯಾರೂ ಹಾಕಿ ನೋಡಲಿಲ್ಲ. ತೆರಿಗೆ ಬೇಕಿತ್ತು, ಏರಿಸಿದ್ದು ಸರಿ, ಇದು ನನ್ನ ಅಭಿಪ್ರಾಯ. ಸತ್ತವರ ಹೆಸರು ಹೇಳಿ ಅದನ್ನು ಗೆಲ್ಲಿಸಿಕೊಂಡ ರೀತಿ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಹೊಸ ಸೇತುವೆ 2008ರ ಸೆಪ್ಟೆಂಬರ್ 18ಕ್ಕೆ ಸಂಚಾರಕ್ಕೆ ತೆರೆಯಿತು, ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ.

(ಹಿಂದಿನಿಂದ: “ಇಲ್ಲಿ ಅಷ್ಟರಲ್ಲಿ ಟೆಂಡರ್ ಕರೀತಿರ್ತಾರೆ.” ನಗು.)

ನಗಿ, ಆದರೆ ಈಗ ಅಲ್ಲಿಯವರು ನಾಚಬೇಕಾದ್ದನ್ನೂ ಕೇಳಿ. ನಮ್ಮಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸಿಗೆ ದುಡ್ಡು ಕೇಳಲ್ಲ. ಅಲ್ಲಿ 911ಕ್ಕೆ ಫೋನ್ ಮಾಡಿದರೆ ಬೆಂಕಿ ಇಂಜಿನ್ನಿನವರು ಬರುತ್ತಾರೆ, ಬಿಲ್ ಇಲ್ಲ. ಪೊಲೀಸರು ಬರುತ್ತಾರೆ, ಬಿಲ್ ಇಲ್ಲ. ಆಂಬ್ಯುಲೆನ್ಸ್ ಬಂದರೆ ಸಾಮಾನ್ಯವಾಗಿ ಬಿಲ್ ಹಿಂದೆಯೇ ಬರುತ್ತೆ, ಅದೂ ಸಾವಿರದ ಲೆಕ್ಕದಲ್ಲಿ ಇರಬಹುದು. ವಿಮೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯವರು ದಿಢೀರ್ ಬಿಲ್ ಹಾಕಬಾರದು ಅಂತ 2022ರಿಂದ ಒಂದು ಕೇಂದ್ರ ಕಾನೂನು ಜಾರಿಯಲ್ಲಿದೆ. ಅದರಲ್ಲಿ ಹೆಲಿಕಾಪ್ಟರ್ ಆಂಬ್ಯುಲೆನ್ಸ್ ಸೇರಿದೆ, ರಸ್ತೆ ಮೇಲಿನ ಆಂಬ್ಯುಲೆನ್ಸನ್ನು ಬಿಟ್ಟುಬಿಟ್ಟರು. ಎದೆ ನೋವು ಬಂದವರು ಊಬರ್ ಕರೆಯಲೋ ಅಂತ ಯೋಚಿಸುವ ದೇಶ ಶ್ರೀಮಂತ ಅನ್ನೋದಕ್ಕೆ ನನಗೆ ಬಾಯಿ ಬರಲ್ಲ.

ಮಧ್ಯಾಹ್ನದ ಊಟ ಇನ್ನೊಂದು. ನಮ್ಮ ಅಕ್ಷರ ದಾಸೋಹ ಇಷ್ಟು ವರ್ಷ ಆದಮೇಲೆ ನಮಗೆ ಸುದ್ದಿಯೇ ಅಲ್ಲ. ಅಲ್ಲಿ ಶಾಲೆಯಲ್ಲಿ ಮಕ್ಕಳ ಊಟದ ಖಾತೆಯಲ್ಲಿ ದುಡ್ಡು ಮುಗಿದರೆ ಸಾಲ ಬರೆಯುತ್ತಿದ್ದರು. ಆರು ವರ್ಷದ ಮಗುವಿನ ಹೆಸರಿಗೆ ಊಟದ ಸಾಲ! 2016ರಲ್ಲಿ ಪೊಲೀಸ್ ಗುಂಡಿಗೆ ಬಲಿಯಾದ ಫಿಲ್ಯಾಂಡೋ ಕ್ಯಾಸ್ಟಿಲ್ ಸೇಂಟ್ ಪಾಲ್ ನಗರದ ಶಾಲೆಯೊಂದರ ಅಡುಗೆ ವಿಭಾಗದ ಮೇಲ್ವಿಚಾರಕರಾಗಿದ್ದರು. ಮಕ್ಕಳ ಆ ಸಾಲವನ್ನು ತಮ್ಮ ಜೇಬಿನಿಂದ ಕಟ್ಟುತ್ತಿದ್ದರಂತೆ. 2023ರಲ್ಲಿ ಮಿನೆಸೋಟ ಎಲ್ಲ ಶಾಲಾ ಮಕ್ಕಳಿಗೂ ತಿಂಡಿ-ಊಟ ಉಚಿತ ಅಂತ ಕಾನೂನು ಮಾಡಿತು. ಆಗ ಕೆಳಮನೆಯ ಸ್ಪೀಕರ್ ಮೆಲಿಸಾ ಹಾರ್ಟ್‌ಮನ್. 2025ರ ಜೂನ್‌ನಲ್ಲಿ ಪೊಲೀಸ್ ವೇಷದಲ್ಲಿ ಬಂದವನೊಬ್ಬ ಅವರನ್ನೂ ಅವರ ಗಂಡನನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದ. ಆ ವರ್ಷ ಕೆಳಮನೆಯಲ್ಲಿ ಎರಡೂ ಪಕ್ಷಗಳು 67–67, ಸರಿಸಮ. ನಾನು ಟ್ರಂಪ್ ಬಗ್ಗೆ, ಅವರ ವಿರೋಧಿಗಳ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಲ್ಲೆ ಸರ್. ಆ ಶನಿವಾರದ ನಂತರ ನಮ್ಮ ಬೀದಿಯಲ್ಲಿ ಯಾರಿಗೂ ವಾದ ಮಾಡುವ ಮನಸ್ಸಿರಲಿಲ್ಲ.

ನೀವು ಕೇಳಿದ್ದಕ್ಕೆ ಇಷ್ಟು ಹೇಳುತ್ತೇನೆ. ನಮ್ಮ ಪದ್ಧತಿಯಲ್ಲಿ ಬಜೆಟ್ ಬಿದ್ದರೆ ಸರ್ಕಾರ ಬೀಳುತ್ತೆ. ಅಲ್ಲಿ ಬಜೆಟ್ ಪಾಸಾಗದಿದ್ದರೆ ಯಾರೂ ಬೀಳಲ್ಲ, ನೌಕರರಿಗೆ ಸಂಬಳ ನಿಲ್ಲುತ್ತೆ. ಇದಕ್ಕೆ ‘ಶಟ್‌ಡೌನ್’ ಅನ್ನುತ್ತಾರೆ. 2018ರ ಕೊನೆಯಲ್ಲಿ ಶುರುವಾದದ್ದು 35 ದಿನ ನಡೆಯಿತು, 2025ರಲ್ಲಿ 43 ದಿನ. ವಿಮಾನಗಳಿಗೆ ದಾರಿ ತೋರಿಸುವ ಕಂಟ್ರೋಲರುಗಳು ಸಂಬಳವಿಲ್ಲದೆ ಕೆಲಸ ಮಾಡಿದರು, ಬಡವರ ರೇಷನ್ ನೆರವು ತಡವಾಯಿತು, ಕಾಂಗ್ರೆಸ್ ಸದಸ್ಯರ ಸಂಬಳ ಮಾತ್ರ ಸಂವಿಧಾನದ ರಕ್ಷಣೆಯಲ್ಲಿ ಭದ್ರ. ಟ್ರಂಪ್ ಬರುವ ಮೊದಲೂ ಹೀಗಾಗಿದೆ. ಆ ಮನುಷ್ಯನ ಮಾತು ನನಗೆ ಸೇರುವುದಿಲ್ಲ. ಆದರೆ ಈ ರೋಗ ಅವರು ತಂದದ್ದಲ್ಲ, ಅವರು ಹೋದರೆ ಹೋಗೋದೂ ಅಲ್ಲ.

ಇನ್ನು ಹಾಕಿ. ಇಲ್ಲಿ ಕೂತವರಿಗೆ ಹಾಕಿ ಅಂದರೆ ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ನಡುವೆ ಶುರು ಮಾಡಿದ ಹಬ್ಬದಲ್ಲಿ 60 ಮನೆತನಗಳಿದ್ದವು, ಈಗ ನೂರಾರು. ಅಪ್ಪ, ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಮಿನೆಸೋಟದವರಿಗೆ ಈ ಹಬ್ಬದ ಬಗ್ಗೆ ಹೇಳಿದರೆ ತಕ್ಷಣ ಅರ್ಥವಾಗುತ್ತೆ, ಯಾಕಂದರೆ ಅಲ್ಲಿಯ ಐಸ್ ಹಾಕಿಯೂ ಊರಿನದೇ. ಬೇರೆ ರಾಜ್ಯಗಳಲ್ಲಿ ಚೆನ್ನಾಗಿ ಆಡುವ ಮಗುವನ್ನು ದುಡ್ಡಿರುವ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತವೆ. ಅಲ್ಲಿ ಹೆಚ್ಚಾಗಿ ಮಗು ಯಾವ ಊರಲ್ಲಿ ವಾಸವೋ ಆ ಊರಿನ ಅಸೋಸಿಯೇಷನ್ನಿಗೆ ಆಡಬೇಕು. ಹೈಸ್ಕೂಲು ಹುಡುಗರ ರಾಜ್ಯ ಟೂರ್ನಿ 1945ರಿಂದ ನಡೀತಿದೆ, ಮಾರ್ಚಿನಲ್ಲಿ ಸೇಂಟ್ ಪಾಲ್‌ನಲ್ಲಿ ಜಾತ್ರೆ. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ ಅಮೆರಿಕದ ಹುಡುಗರಲ್ಲಿ 20ಕ್ಕೆ 12 ಜನ ಮಿನೆಸೋಟದವರು, ಕೋಚ್ ಹರ್ಬ್ ಬ್ರೂಕ್ಸ್ ಕೂಡ ಸೇಂಟ್ ಪಾಲ್‌ನವರೇ.

ಮಗಳು ಆಡುತ್ತೇನೆ ಅಂದಾಗ ನನಗೆ ತಿಳಿದದ್ದು, ಆಟ ಅರ್ಧ, ಉಳಿದರ್ಧ ಪಂಚಾಯಿತಿ ಕೆಲಸ ಅಂತ. ಪ್ರತಿ ಮನೆಯವರೂ ಇಷ್ಟು ಗಂಟೆ ಸ್ವಯಂಸೇವೆ ಮಾಡಬೇಕು, ಮೊದಲೇ ಒಂದು ಚೆಕ್ ಕೊಟ್ಟಿರಬೇಕು. ಕೆಲಸ ಮಾಡದಿದ್ದರೆ ಚೆಕ್ ಬ್ಯಾಂಕಿಗೆ. ನಾನು ತಿಂಡಿ ಕೌಂಟರಿನಲ್ಲಿ ಹಾಟ್ ಡಾಗ್ ಮಾರಿದ್ದೇನೆ, ಹುಟ್ಟಾ ಸಸ್ಯಾಹಾರಿ! ಬೆಳಗಿನ ಆರಕ್ಕೆ ಮೊದಲೇ ಐಸ್ ಮೈದಾನ ಸಿಗೋದು. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಮಗಳ ಬ್ಯಾಗಿನಿಂದ ಬರುವ ಬೆವರಿನ ವಾಸನೆ. ಅದನ್ನು ತೊಳೆಯುವ ವಿದ್ಯೆ ಇನ್ನೂ ಯಾರೂ ಕಂಡುಹಿಡಿದಿಲ್ಲ.

ದುಡ್ಡು ಎಲ್ಲಿಂದ ಬರುತ್ತೆ ಕೇಳಿ. ಬಾರುಗಳಲ್ಲಿ ಪುಲ್-ಟ್ಯಾಬ್ ಅಂತ ಕಾಗದದ ಲಾಟರಿ ಚೀಟಿ ಮಾರುತ್ತಾರೆ, ಕಿಟಕಿ ಹರಿದು ನೋಡೋದು. ಅದನ್ನು ಮಾರಲು ಲೈಸೆನ್ಸ್ ಇರುವುದು ಸೇವಾಸಂಸ್ಥೆಗಳಿಗೆ, ಎಷ್ಟೋ ಕಡೆ ಮಕ್ಕಳ ಹಾಕಿ ಅಸೋಸಿಯೇಷನ್ನಿಗೆ. ಅಂದರೆ ಬಿಯರ್ ಕುಡಿಯುವವನ ಜೂಜಿನ ದುಡ್ಡು ಮಕ್ಕಳ ಐಸಿಗೆ. ನಮ್ಮಮ್ಮನಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. 1995ರಲ್ಲಿ ರಾಜ್ಯ ಸರ್ಕಾರ ಊರುಗಳಿಗೆ ರಿಂಕ್, ಅಂದರೆ ಐಸ್ ಮೈದಾನ, ಕಟ್ಟಲು, ಸುಧಾರಿಸಲು ‘ಮೈಟಿ ಡಕ್ಸ್’ ಅನ್ನುವ ಅನುದಾನ ತಂದಿತು, ಒಂದು ಮಕ್ಕಳ ಸಿನಿಮಾದಿಂದ ಬಂದ ಹೆಸರು. ಅದಕ್ಕೆ ಕಾರಣವೂ ಹುಡುಗಿಯರೇ. ಆಗತಾನೆ ಹೈಸ್ಕೂಲುಗಳಲ್ಲಿ ಹುಡುಗಿಯರ ಹಾಕಿಗೆ ಮಾನ್ಯತೆ ಸಿಕ್ಕಿತ್ತು, ಐಸ್ ಸಾಲುತ್ತಿರಲಿಲ್ಲ. ಅದಕ್ಕೂ ಹಿಂದೆ 1972ರ ಟೈಟಲ್ ನೈನ್ ಕಾನೂನು: ಕೇಂದ್ರದ ದುಡ್ಡು ಪಡೆಯುವ ಶಾಲೆ ಹುಡುಗ-ಹುಡುಗಿ ಅಂತ ಭೇದ ಮಾಡುವ ಹಾಗಿಲ್ಲ. ವಾಷಿಂಗ್ಟನ್ನಿನ ಒಂದು ಕಾನೂನು ನನ್ನ ಮಗಳ ಕಾಲಿಗೆ ಸ್ಕೇಟ್ ತೊಡಿಸಿತು. ಮುಂಬದಿಯ ಪರವಾಗಿ ಇಷ್ಟು ಒಪ್ಪಿಕೊಳ್ಳುತ್ತೇನೆ.

ಆದರೆ ಊರಿನದೇ ಆಟ ಅನ್ನೋದರ ಒಳಗೆ ಒಂದು ಮುಳ್ಳಿದೆ. ಊರು ಶ್ರೀಮಂತವಾದರೆ ಎರಡು ರಿಂಕ್, ಬಡವಾದರೆ ಅರ್ಧ. ಮಿನಿಯಾಪೊಲಿಸ್ ನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ ಆಡುವವರು ಕಡಿಮೆಯಾಗಿ, ಎಲ್ಲ ಸೇರಿ ಒಂದೇ ಬಾಲಕರ ತಂಡ ಕಟ್ಟಿಕೊಂಡರು. 2022ರಲ್ಲಿ ಅದು ರಾಜ್ಯ ಟೂರ್ನಿಗೆ ಬಂದಾಗ ಹೊರ ಊರಿನವರೂ ಕೂಗಿ ಹುರಿದುಂಬಿಸಿದರು. ಚಪ್ಪಾಳೆ ಹೊಡೆಯೋದು ಸುಲಭ. ಸ್ಕೇಟು, ಪ್ಯಾಡು, ಕೋಲು, ಫೀಸು, ಮುಂಜಾನೆ ಕಾರು ಓಡಿಸುವ ಅಪ್ಪ-ಅಮ್ಮ, ಇಷ್ಟಿಲ್ಲದ ಮಗುವಿಗೆ ಯಾವ ಬಾರಿನ ಚೀಟಿಯೂ ಸಾಲದು.

ಉತ್ತರದಲ್ಲಿ ಐರನ್ ರೇಂಜ್ ಅಂತ ಕಬ್ಬಿಣದ ಗಣಿ ಪ್ರದೇಶ, ನಮ್ಮ ಕುದುರೆಮುಖ ನೆನಪಾಗುತ್ತೆ. ಅಲ್ಲಿಯ ಎವೆಲೆತ್ ಅನ್ನುವ ಪುಟ್ಟ ಊರು ಮೊದಲ ರಾಜ್ಯ ಟೂರ್ನಿ ಗೆದ್ದಿತ್ತು, 1948ರಿಂದ ಸತತ ನಾಲ್ಕು ವರ್ಷ ಗೆದ್ದಿತ್ತು. ಅಮೆರಿಕದ ಹಾಕಿ ಮ್ಯೂಸಿಯಂ ಇರುವುದೂ ಅಲ್ಲೇ. ಗಣಿ ಕಾರ್ಮಿಕರ ಸಂಘಗಳ ನೆಲ, ಡೆಮಾಕ್ರಟರ ಕೋಟೆ. ಜಿಮ್ ಓಬರ್‌ಸ್ಟಾರ್ ಅಲ್ಲಿಂದ 36 ವರ್ಷ ಕಾಂಗ್ರೆಸ್ಸಿನಲ್ಲಿದ್ದರು. ಸೇತುವೆ ಬಿದ್ದಾಗ ಸಾರಿಗೆ ಸಮಿತಿಯ ಅಧ್ಯಕ್ಷರಾಗಿ ಹೊಸ ಸೇತುವೆಗೆ ಕೇಂದ್ರದ ದುಡ್ಡು ಬೇಗ ತಂದವರು ಅವರೇ. 2010ರಲ್ಲಿ ಜನ ಅವರನ್ನು ಸೋಲಿಸಿದರು. 2012ರಲ್ಲಿ ಒಬಾಮಾಗೆ ವೋಟು ಹಾಕಿದ ಆ ಕ್ಷೇತ್ರ 2016ರಲ್ಲಿ ಟ್ರಂಪ್ ಕಡೆ ವಾಲಿತು. 2019ರಿಂದ ಅಲ್ಲಿಯ ಸದಸ್ಯ ಪೀಟ್ ಸ್ಟಾಬರ್, ರಿಪಬ್ಲಿಕನ್, ಡುಲುತ್ ನಗರದ ಮಾಜಿ ಪೊಲೀಸ್ ಅಧಿಕಾರಿ, 1988ರಲ್ಲಿ ಕಾಲೇಜು ಹಾಕಿಯ ರಾಷ್ಟ್ರ ಪ್ರಶಸ್ತಿ ಗೆದ್ದ ತಂಡದ ಆಟಗಾರ. ಗಣಿಯ ಕೆಲಸ ಕಡಿಮೆಯಾಯಿತು, ಜನ ಚದುರಿದರು, ಶಾಲೆಗಳನ್ನು ಒಂದಕ್ಕೊಂದು ಸೇರಿಸಿದರು. ತಮ್ಮೂರಿನ ತಂಡದ ಹೆಸರೇ ಇಲ್ಲವಾದ ಜನರ ಸಿಟ್ಟನ್ನು ಬರೀ ಟ್ರಂಪ್ ಮೋಡಿ ಅಂತ ತಳ್ಳಿಹಾಕುವ ನಗರದ ಗೆಳೆಯರ ಜೊತೆ ನನ್ನದು ಯಾವಾಗಲೂ ಜಗಳ.

(ಒಬ್ಬ ಕಾಲೇಜು ಹುಡುಗಿ: “ನಿಮ್ಮ ಮಗಳು ಈಗಲೂ ಆಡ್ತಾರಾ ಆಂಟಿ?”)

ಇಲ್ಲಮ್ಮ, ಹೈಸ್ಕೂಲು ತಂಡದಲ್ಲಿ ಜಾಗ ಸಿಗಲಿಲ್ಲ, ಬಿಟ್ಟಳು. ಈಗ ಸಣ್ಣ ಮಕ್ಕಳ ಪಂದ್ಯಗಳಿಗೆ ರೆಫರಿ. ಪಾಕೆಟ್ ಮನಿ ಆಗುತ್ತೆ. ಅಲ್ಲಿ ರೆಫರಿಗಳಿಗೆ ಬರ, ಯಾಕಂದರೆ ಗಾಜಿನ ಆಚೆ ನಿಂತ ಅಪ್ಪ-ಅಮ್ಮಂದಿರು ಬಾಯಿಗೆ ಬಂದ ಹಾಗೆ ಬಯ್ಯುತ್ತಾರೆ, ಹುಡುಗರು ಒಂದೇ ವರ್ಷಕ್ಕೆ ಸೀಟಿ ವಾಪಸ್ ಕೊಟ್ಟು ಹೋಗುತ್ತಾರೆ. ಇವಳು ಇನ್ನೂ ಬಿಟ್ಟಿಲ್ಲ. ಬಯ್ಯುವವರು ಯಾವ ಪಕ್ಷದವರು ಅಂತ ಒಮ್ಮೆ ಕೇಳಿದ್ದೆ. “ಅಮ್ಮಾ, ಹೆಲ್ಮೆಟ್ ಒಳಗೆ ಅಷ್ಟೆಲ್ಲ ಕೇಳಿಸಲ್ಲ,” ಅಂದಳು.